ಚುನಾವಣೆಯಲ್ಲಿ ಎಐ ಮೇಲೆ ಕಣ್ಣಿಡುವುದು ಹೇಗೆ?

ಪ್ರಶ್ನೆ: ನಮ್ಮದು ಎಂಟು ಜನರ ಸಣ್ಣ ಗುಂಪು. ಎಲ್ಲರೂ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು. ಮುಂದಿನ ಚುನಾವಣೆಯಲ್ಲಿ ಜನರೇಟಿವ್ ಎಐ (ಬರಹ, ಚಿತ್ರ, ದನಿ, ವಿಡಿಯೊ ತಯಾರಿಸುವ ಎಐ) ಏನೇನು ಮಾಡುತ್ತದೆ ಅಂತ ನಿಗಾ ಇಟ್ಟು, ಒಂದು ವರದಿ ತರಬೇಕು ಅಂದುಕೊಂಡಿದ್ದೇವೆ. ಡೀಪ್‌ಫೇಕ್, ಅಂದರೆ ಎಐನಿಂದ ಮಾಡಿದ ನಕಲಿ ದನಿ, ವಿಡಿಯೊ ಹಿಡಿಯಲು ಯಾವ ಸಾಫ್ಟ್‌ವೇರ್ ತಗೊಂಡರೆ ಒಳ್ಳೆಯದು? ಕೊನೆಯಲ್ಲಿ "ಈ ಚುನಾವಣೆ ಮೇಲೆ ಎಐ ಪ್ರಭಾವ ಇಷ್ಟು" ಅಂತ ಹೇಳೋಕೆ ಆಗುತ್ತಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗಲ್ಲ. ಎಂಟು ಜನರಿಂದಲೂ ಆಗಲ್ಲ, ಎಂಟು ನೂರು ಜನರಿಂದಲೂ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆ ಆಸೆ ಬಿಟ್ಟರೆ ಮಾಡಲು ಬೇಕಾದಷ್ಟು ಕೆಲಸ ಇದೆ.

ಯಾಕೆ ಆಗಲ್ಲ ಅನ್ನೋದಕ್ಕೆ ಸ್ಲೊವಾಕಿಯಾದ ಕಥೆ ಸಾಕು. 2023ರ ಸೆಪ್ಟೆಂಬರ್ 30ಕ್ಕೆ ಅಲ್ಲಿ ಸಂಸತ್ ಚುನಾವಣೆ. ಅದಕ್ಕೆ ಎರಡು ದಿನ ಇರುವಾಗ ಒಂದು ಆಡಿಯೊ ಹರಿದಾಡಿತು. ಪ್ರೊಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಮತ್ತು ಪತ್ರಕರ್ತೆ ಮೋನಿಕಾ ಟೊಡೊವಾ ಅದರಲ್ಲಿ ಮಾತಾಡುತ್ತಿದ್ದ ಹಾಗಿತ್ತು. ಮಾತು ಯಾವುದರ ಬಗ್ಗೆ? ಚುನಾವಣೆಯಲ್ಲಿ ಮೋಸ ಮಾಡುವುದು ಹೇಗೆ ಅನ್ನುವುದರ ಬಗ್ಗೆ. ಇದು ನಮ್ಮದಲ್ಲ ಅಂತ ಇಬ್ಬರೂ ಕೂಡಲೇ ಹೇಳಿದರು. ಆದರೆ ಅಲ್ಲಿ ಮತದಾನದ ಹಿಂದಿನ 48 ಗಂಟೆ ಪ್ರಚಾರಕ್ಕೆ ಬಿಡುವು, ಮಾಧ್ಯಮಗಳ ಬಾಯಿಗೂ ಕಡಿವಾಣ. ಜೋರಾಗಿ ಉತ್ತರ ಕೊಡುವ ಹಾಗೂ ಇರಲಿಲ್ಲ. ಆಗ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ನಿಯಮವೂ ತಿರುಚಿದ ವಿಡಿಯೊಗೆ ಮಾತ್ರ ಇತ್ತು, ಆಡಿಯೊಗೆ ಇರಲಿಲ್ಲ. ಫಲಿತಾಂಶ ಬಂದಾಗ ರಾಬರ್ಟ್ ಫಿಟ್ಸೊ ಅವರ ಸ್ಮೆರ್ ಪಕ್ಷಕ್ಕೆ ಸುಮಾರು ಶೇ 23 ಮತ, ಶಿಮೆಚ್ಕಾ ಪಕ್ಷಕ್ಕೆ ಸುಮಾರು ಶೇ 18.

"ಒಂದು ಡೀಪ್‌ಫೇಕ್ ಚುನಾವಣೆಯನ್ನೇ ತಿರುಗಿಸಿತು" ಅಂತ ಎಲ್ಲ ಕಡೆ ಸುದ್ದಿಯಾಯಿತು. ನಿಜಾನಾ? ಆ ಆಡಿಯೊ ಎಷ್ಟು ಜನ ಕೇಳಿದರು, ಕೇಳಿದವರಲ್ಲಿ ಎಷ್ಟು ಜನ ನಂಬಿದರು, ನಂಬಿದವರು ಮೊದಲಿನಿಂದಲೂ ಶಿಮೆಚ್ಕಾ ವಿರೋಧಿಗಳೇ ಆಗಿದ್ದರಾ, ಯಾವುದಕ್ಕೂ ಗಟ್ಟಿ ಲೆಕ್ಕ ಇಲ್ಲ. ಬೆಲೆ ಏರಿಕೆ, ಯುಕ್ರೇನ್ ಯುದ್ಧ, ಹಿಂದಿನ ಸರ್ಕಾರದ ಜಗಳ, ಎಲ್ಲವೂ ಆ ಮತದಲ್ಲಿ ಸೇರಿತ್ತು. ಆ ಆಡಿಯೊ ಒಂದು ಇಲ್ಲದ ಇನ್ನೊಂದು ಸ್ಲೊವಾಕಿಯಾ ಇದ್ದಿದ್ದರೆ ಪಕ್ಕದಲ್ಲಿಟ್ಟು ಹೋಲಿಸಬಹುದಿತ್ತು. ಇಲ್ಲವಲ್ಲ. ಆಮೇಲೆ ಇದನ್ನು ಕೂತು ಅಧ್ಯಯನ ಮಾಡಿದವರು ಹೇಳಿದ್ದೂ ಇಷ್ಟೇ: ಸೋಲಿಗೆ ಆಡಿಯೊ ಕಾರಣ ಅನ್ನಲು ಆಧಾರ ಸಾಲದು.

ಹಾಗಾಗಿ ನಾನು ಯಾರಿಗೇ ಹೇಳುವಾಗಲೂ ನಾಲ್ಕು ಮೆಟ್ಟಿಲು ಬರೆದು ಕೊಡುತ್ತೇನೆ. ನಕಲಿ ಬಂತಾ? ಜನರಿಗೆ ತಲುಪಿತಾ? ನಂಬಿದರಾ? ಮತ ಬದಲಾಯಿತಾ? ಮೊದಲನೆಯದನ್ನು ನೀವು ಕಣ್ಣಾರೆ ನೋಡಬಹುದು. ಎರಡನೆಯದನ್ನು ಸುಮಾರಾಗಿ ಅಂದಾಜು ಮಾಡಬಹುದು. ಮೂರನೆಯದಕ್ಕೆ ಜನರನ್ನೇ ಹೋಗಿ ಕೇಳಬೇಕು. ನಾಲ್ಕನೆಯದು ಕೈಗೆ ಸಿಗುವುದಿಲ್ಲ. ವರದಿ ಬರೆಯುವಾಗ ಪ್ರತಿ ವಾಕ್ಯವೂ ಯಾವ ಮೆಟ್ಟಿಲ ಮೇಲೆ ನಿಂತಿದೆ ಅಂತ ನೋಡಿಕೊಳ್ಳಿ. "ಹತ್ತು ಲಕ್ಷ ಜನ ನೋಡಿದರು, ಅದಕ್ಕೇ ಸೋತರು" ಅಂತ ಬರೆದರೆ ಎರಡನೇ ಮೆಟ್ಟಿಲಿಂದ ನಾಲ್ಕನೆಯದಕ್ಕೆ ಹಾರಿದ ಹಾಗೆ.

ಇನ್ನು ಎಣಿಕೆ. ಸುಲಭ ಅನ್ನಿಸುತ್ತದೆ. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ.

ಬ್ರಿಟನ್ನಿನ ಅಲನ್ ಟ್ಯೂರಿಂಗ್ ಇನ್‌ಸ್ಟಿಟ್ಯೂಟ್ 2024ರ ಮಧ್ಯದಲ್ಲಿ ಒಂದು ಲೆಕ್ಕ ಕೊಟ್ಟಿತು. 2023ರ ಜನವರಿಯಿಂದ ಈಚಿನ 112 ರಾಷ್ಟ್ರೀಯ ಚುನಾವಣೆಗಳನ್ನು ನೋಡಿದಾಗ ಎಐ ಹಸ್ತಕ್ಷೇಪ ಕಂಡಿದ್ದು 19ರಲ್ಲಿ ಮಾತ್ರ ಅಂತ. ಇಂಟರ್‌ನ್ಯಾಷನಲ್ ಪ್ಯಾನೆಲ್ ಆನ್ ದಿ ಇನ್‌ಫರ್ಮೇಶನ್ ಎನ್ವಿರಾನ್‌ಮೆಂಟ್ ಅನ್ನುವ ಇನ್ನೊಂದು ಸಂಸ್ಥೆ 2024ರ 50 ಚುನಾವಣೆಗಳನ್ನು ನೋಡಿ, ಶೇ 80ರಷ್ಟರಲ್ಲಿ ಎಐ ಬಳಕೆ ಕಂಡಿತು ಅಂದಿತು. ಒಂದು ಕಡೆ ಆರರಲ್ಲಿ ಒಂದು, ಇನ್ನೊಂದು ಕಡೆ ಐದರಲ್ಲಿ ನಾಲ್ಕು. ಯಾರು ಸುಳ್ಳು? ಯಾರೂ ಅಲ್ಲ. ಒಬ್ಬರು ಹಸ್ತಕ್ಷೇಪ ಎಣಿಸಿದರು. ಇನ್ನೊಬ್ಬರು ಬಳಕೆ ಎಣಿಸಿದರು, ಅಭ್ಯರ್ಥಿಗಳೇ ಬಳಸಿದ್ದೂ ಅದರಲ್ಲಿ ಸೇರಿತು. ಅವಧಿಯೂ ಬೇರೆ. ಪತ್ರಿಕೆಯಲ್ಲಿ ಮಾತ್ರ ಎರಡೂ "ಚುನಾವಣೆಯಲ್ಲಿ ಎಐ" ಅನ್ನುವ ಒಂದೇ ತಲೆಬರಹದ ಕೆಳಗೆ ಬರುತ್ತವೆ.

ನೀವೂ ಅದೇ ಇಕ್ಕಟ್ಟಿಗೆ ಸಿಗುತ್ತೀರಿ. ಪಾಕಿಸ್ತಾನದಲ್ಲಿ ಜೈಲಿನಲ್ಲಿದ್ದ ಇಮ್ರಾನ್ ಖಾನ್ ಅವರ ಪಕ್ಷ 2023ರ ಡಿಸೆಂಬರ್‌ನಲ್ಲಿ ಎಐ ದನಿಯಲ್ಲಿ ಅವರ ಭಾಷಣ ಕೇಳಿಸಿತು. ಎಐ ಅಂತ ಪಕ್ಷವೇ ಹೇಳಿಕೊಂಡಿತ್ತು. ಇಂಡೊನೇಷ್ಯಾದಲ್ಲಿ ಗೊಲ್ಕಾರ್ ಪಕ್ಷದವರು 2008ರಲ್ಲೇ ತೀರಿಕೊಂಡ ಹಿಂದಿನ ಅಧ್ಯಕ್ಷ ಸುಹಾರ್ತೊ ಅವರನ್ನು 2024ರಲ್ಲಿ ಎಐ ವಿಡಿಯೊದಲ್ಲಿ ಎಬ್ಬಿಸಿ ಕೂರಿಸಿ ಮತ ಕೇಳಿಸಿದರು. ಅದೇ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಪ್ರಬೊವೊ ಸುಬಿಯಾಂತೊ ಎಐ ಬರೆದ ಗುಂಡುಗುಂಡಗಿನ ಮುದ್ದು ಕಾರ್ಟೂನ್ ಆಗಿ ಪೋಸ್ಟರ್‌ಗಳಲ್ಲಿ ಕಾಣಿಸಿಕೊಂಡರು, ಗೆದ್ದರು. ಇವು ಮೂರೂ ಎಐ. ಮೂರರಲ್ಲಿ ಯಾವುದು ಮೋಸ? ಸತ್ತವರ ಬಾಯಲ್ಲಿ ಮತ ಕೇಳಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅವರು ಬದುಕಿದ್ದಾರೆ ಅಂತ ಯಾರೂ ನಂಬಲಿಲ್ಲವಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಯಾಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2024ರ ಚುನಾವಣೆಗಳ 78 ಎಐ ಪ್ರಕರಣಗಳನ್ನು ಒಂದೊಂದಾಗಿ ನೋಡಿದರು. ಅರ್ಧದಷ್ಟರಲ್ಲಿ ಮೋಸದ ಉದ್ದೇಶವೇ ಇರಲಿಲ್ಲ. ಮೋಸದವುಗಳಲ್ಲೂ ಬಹಳಷ್ಟನ್ನು ಎಐ ಇಲ್ಲದೆ ಕಡಿಮೆ ಖರ್ಚಿನಲ್ಲೇ ಮಾಡಬಹುದಿತ್ತು ಅಂತ ಅವರು ತೋರಿಸಿದರು.

ಆದ್ದರಿಂದ ಮೊದಲ ಸಭೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಾವು ಎಣಿಸುವುದು ಏನು, ಎಣಿಸದೆ ಬಿಡುವುದು ಏನು. ಆಮೇಲೆ ಚುನಾವಣೆ ಬಿಸಿಯಲ್ಲಿ ಅದನ್ನು ಬದಲಿಸಬೇಡಿ. ಇನ್ನೊಂದು ಮಾತು. ಎಐ ಸುಳ್ಳನ್ನು ಮಾತ್ರ ಎಣಿಸಬೇಡಿ, ಎಲ್ಲ ಸುಳ್ಳನ್ನೂ ಎಣಿಸಿ. ಹಳೆಯ ವಿಡಿಯೊಗೆ ಹೊಸ ದಿನಾಂಕ, ಕತ್ತರಿಸಿ ಜೋಡಿಸಿದ ಭಾಷಣ, ಬೇರೆ ದೇಶದ ಗಲಾಟೆಯ ಫೋಟೊ, ಎಲ್ಲವನ್ನೂ. ಯಾಕೆ ಅಂದರೆ ಅಮೆರಿಕದ ನ್ಯೂಸ್ ಲಿಟರಸಿ ಪ್ರಾಜೆಕ್ಟ್ 2024ರ ಚುನಾವಣೆಯ ಸುಮಾರು 1,000 ಸುಳ್ಳುಗಳನ್ನು ಕೂಡಿಹಾಕಿದಾಗ ಜನರೇಟಿವ್ ಎಐ ಬಳಸಿದ್ದು ಕೇವಲ ಶೇ 6ರಷ್ಟು. ಪೂರ್ತಿ ಗುಡ್ಡೆ ಕಾಣದೆ ಎಐ ಪಾಲು ಎಷ್ಟು ಅಂತ ಹೇಗೆ ಹೇಳುತ್ತೀರಿ?

ಕಂಪನಿಗಳು ಕೊಡುವ ಅಂಕಿಗೂ ಇದೇ ಪ್ರಶ್ನೆ ಹಾಕಿ. 2024ರಲ್ಲಿ ತನ್ನ ಜಾಲತಾಣಗಳಲ್ಲಿ ಫ್ಯಾಕ್ಟ್‌ಚೆಕ್ ಆದ ಸುಳ್ಳುಗಳಲ್ಲಿ ಎಐ ಪಾಲು ಶೇ 1ಕ್ಕಿಂತ ಕಡಿಮೆ ಅಂತ ಮೆಟಾ ಹೇಳಿತು. ಅಂಕಿ ತಪ್ಪು ಅಂತಲ್ಲ. ಆದರೆ ಫ್ಯಾಕ್ಟ್‌ಚೆಕ್ ಆಗದೆ ಜಾರಿ ಹೋದದ್ದು ಅದರಲ್ಲಿ ಇಲ್ಲ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ್ದಂತೂ ಬಹುಪಾಲು ಇಲ್ಲ. ಅಮೆರಿಕದ ಮತದಾನಕ್ಕೆ ಮುಂಚಿನ ಒಂದೇ ತಿಂಗಳಲ್ಲಿ ಅಭ್ಯರ್ಥಿಗಳ ಚಿತ್ರ ಮಾಡಿಕೊಡಿ ಅನ್ನುವ 5,90,000 ಕೋರಿಕೆಗಳನ್ನು ತನ್ನ ಎಐ ನಿರಾಕರಿಸಿತು ಅಂತಲೂ ಅದೇ ಕಂಪನಿ ಹೇಳಿದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೊಟ್ಟ ಲೆಕ್ಕ 2,50,000ಕ್ಕಿಂತ ಜಾಸ್ತಿ. ಬಾಗಿಲು ತಟ್ಟಿದವರ ಲೆಕ್ಕ ಅದು. ಬೇರೆ ಬಾಗಿಲಿಗೆ ಹೋದವರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಈಗ ನಿಮ್ಮ ಸಾಫ್ಟ್‌ವೇರ್ ಪ್ರಶ್ನೆಗೆ ಬರೋಣ. ದುಡ್ಡು ಉಳಿಸಿಕೊಳ್ಳಿ ಅನ್ನುತ್ತೇನೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನೂರಕ್ಕೆ 95 ಸಲ ಸರಿಯಾಗಿ ಹೇಳುವ ಸಾಧನ ನಿಮ್ಮ ಕೈಲಿದೆ ಅಂತಿಟ್ಟುಕೊಳ್ಳಿ. ನಿಮಗೆ 1,000 ಕ್ಲಿಪ್ ಬಂದಿವೆ. ಅದರಲ್ಲಿ ನಿಜವಾಗಿ ಎಐ ಮಾಡಿದ್ದು 20. ಸಾಧನ ಆ 20ರಲ್ಲಿ 19 ಹಿಡಿಯುತ್ತದೆ. ಶಹಭಾಸ್. ಆದರೆ ಉಳಿದ 980 ಅಸಲಿ ಕ್ಲಿಪ್‌ಗಳಲ್ಲಿ ನೂರಕ್ಕೆ ಐದರಂತೆ 49ನ್ನು ನಕಲಿ ಅನ್ನುತ್ತದೆ. ಅಂದರೆ ಕೆಂಪು ದೀಪ ಹತ್ತಿದ್ದು 68 ಕ್ಲಿಪ್‌ಗಳಿಗೆ, ಅದರಲ್ಲಿ ನಿಜವಾಗಿ ನಕಲಿ 19. ಮೂರರಲ್ಲಿ ಎರಡಕ್ಕಿಂತ ಜಾಸ್ತಿ ಸಲ ನೀವು ಅಸಲಿಯನ್ನು ನಕಲಿ ಅಂದಿರುತ್ತೀರಿ. ಅದೂ 95 ಅನ್ನುವ ಅಂಕಿ ಪ್ರಯೋಗಾಲಯದ್ದು. ಹತ್ತು ಸಲ ಫಾರ್ವರ್ಡ್ ಆಗಿ ಸವೆದ, ಹಿಂದೆ ಫ್ಯಾನ್ ಸದ್ದು ಇರುವ, ಸಾಧನ ಕಲಿಯದ ಭಾಷೆಯ ಆಡಿಯೊ ಕೊಟ್ಟರೆ ಅದು ಇನ್ನೂ ಕೆಳಗಿಳಿಯುತ್ತದೆ. ಒಮ್ಮೆ ಒಂದೇ ಕ್ಲಿಪ್ಪನ್ನು ಮೂರು ಸಾಧನಗಳಿಗೆ ಹಾಕಿ ಮೂರು ಬೇರೆ ಉತ್ತರ ತಗೊಂಡು ಕೂತವನು ನಾನು. ಕೊನೆಗೆ ಗೊತ್ತಾಗಿದ್ದು ಆ ಸಭೆಯಲ್ಲಿ ಖುದ್ದಾಗಿ ಇದ್ದವರಿಗೆ ಫೋನ್ ಮಾಡಿದ ಮೇಲೆ.

ವಾಟರ್‌ಮಾರ್ಕ್ ಮತ್ತು ಫೈಲಿನೊಳಗಿನ ಗುರುತುಗಳ ಮಾತೂ ಅಷ್ಟೇ. ಫೈಲ್ ಎಲ್ಲಿಂದ ಬಂತು ಅಂತ ಅದರ ಜತೆಗೇ ಬರೆದಿಡುವ ಸಿ2ಪಿಎ ಅನ್ನುವ ಮಾನದಂಡ ಇದೆ, ಎಐ ಮಾಡಿದ್ದಕ್ಕೆ ಕಣ್ಣಿಗೆ ಕಾಣದ ಗುರುತು ಹಾಕುವ ಗೂಗಲ್‌ನ ಸಿಂಥ್‌ಐಡಿ ಇದೆ. ಗುರುತು ಸಿಕ್ಕಿದರೆ ಒಳ್ಳೆ ಸುಳಿವು. ಸಿಗಲಿಲ್ಲ ಅಂದರೆ ಏನೂ ಅರ್ಥ ಇಲ್ಲ. ಫೈಲಿಗೆ ಅಂಟಿಸಿದ ಮಾಹಿತಿ ಒಂದು ಸ್ಕ್ರೀನ್‌ಶಾಟ್‌ಗೆ ಉದುರಿ ಹೋಗುತ್ತದೆ. ಮೋಸ ಮಾಡುವವರು ಗುರುತು ಹಾಕದ ಸಾಧನವನ್ನೇ ಹುಡುಕಿಕೊಳ್ಳುತ್ತಾರೆ.

ಅಸಲಿಯನ್ನು ನಕಲಿ ಅಂದರೆ ಏನಾಗುತ್ತದೆ? ಅದು ಬರೀ ಮುಜುಗರದ ವಿಷಯ ಅಲ್ಲ. ಸಿಕ್ಕಿಬಿದ್ದ ನಾಯಕರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕಾನೂನು ಪ್ರಾಧ್ಯಾಪಕರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇದಕ್ಕೆ "ಸುಳ್ಳುಗಾರನ ಲಾಭಾಂಶ" ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ನಕಲಿ ಜಾಸ್ತಿಯಾದಷ್ಟೂ ಅಸಲಿಯನ್ನು ನಕಲಿ ಅನ್ನುವುದು ಸುಲಭ. 2024ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಅವರಿಗಾಗಿ ಸಾವಿರಾರು ಜನ ಸೇರಿದ್ದ ಫೋಟೊವನ್ನು ಎಐ ಸೃಷ್ಟಿ ಅಂದುಬಿಟ್ಟರು ಡೊನಾಲ್ಡ್ ಟ್ರಂಪ್. ಪತ್ರಕರ್ತರು ಅಲ್ಲೇ ನಿಂತು ವಿಡಿಯೊ ಮಾಡಿದ್ದರು. 15,000ಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಕುತೂಹಲದ ವಿಷಯ ಹೊರಬಂತು. ಹಗರಣ ಬರಹದಲ್ಲಿ ಬಂದಾಗ "ಸುಳ್ಳು ಸುದ್ದಿ" ಅಂತ ತಳ್ಳಿಹಾಕಿದರೆ ನಾಯಕರಿಗೆ ಬೆಂಬಲ ವಾಪಸ್ ಬರುತ್ತದೆ. ವಿಡಿಯೊ ಇದ್ದರೆ ಆ ಆಟ ಅಷ್ಟಾಗಿ ನಡೆಯುವುದಿಲ್ಲ. ನಾಳೆ ಏನೋ, ಸದ್ಯಕ್ಕೆ ಹೀಗಿದೆ. ನಿಮ್ಮ ಹಾಳೆಯಲ್ಲಿ "ಇದು ಎಐ ಅಂತ ಅಭ್ಯರ್ಥಿ ಹೇಳಿಕೊಂಡದ್ದು" ಅನ್ನುವುದಕ್ಕೆ ಒಂದು ಬೇರೆ ಕಾಲಂ ಇರಲಿ. ಅದೂ ಎಐ ಪ್ರಭಾವವೇ, ಅಲ್ವಾ?

ಹಾಗಾದರೆ ನಕಲಿ ಹಿಡಿಯುವುದು ಹೇಗೆ? ಅದು ಬಂದ ದಾರಿ ಹಿಡಿದು ಹಿಂದಕ್ಕೆ ಹೋಗಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರಕರಣ ನೋಡಿ. 2024ರ ಜನವರಿ 23ಕ್ಕೆ ಅಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ. ಎರಡು ದಿನ ಮೊದಲು ಸಾವಿರಾರು ಮನೆಗಳಿಗೆ ಜೋ ಬೈಡನ್ ದನಿಯಲ್ಲಿ ಕರೆ ಬಂತು. ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಅನ್ನುವ ಸಂದೇಶ. ದನಿ ವಿಶ್ಲೇಷಿಸುವವರು ಯಾವ ಸಾಧನದಲ್ಲಿ ಮಾಡಿದ್ದು ಅಂತ ಅಂದಾಜಿಸಿದರು, ಅದು ಉಪಯೋಗಕ್ಕೆ ಬಂತು. ಆದರೆ ತನಿಖೆ ಮುಂದೆ ಹೋಗಿದ್ದು ಕರೆ ಯಾವ ಫೋನ್ ಕಂಪನಿಯ ಮೂಲಕ ಬಂತು ಅಂತ ಹುಡುಕಿದ್ದರಿಂದ. ದನಿ ಮಾಡಿಕೊಟ್ಟವನು ಒಬ್ಬ ಮ್ಯಾಜಿಕ್ ಕಲಾವಿದ. ಕೆಲಸಕ್ಕೆ ಹಿಡಿದದ್ದು 20 ನಿಮಿಷಕ್ಕಿಂತ ಕಡಿಮೆ, ಖರ್ಚು ಒಂದು ಡಾಲರ್, ಸಿಕ್ಕಿದ ಕೂಲಿ 150 ಡಾಲರ್ ಅಂತ ಅವನೇ ಸುದ್ದಿವಾಹಿನಿಗೆ ಹೇಳಿದ. ಮಾಡಿಸಿದ್ದು ಸ್ಟೀವ್ ಕ್ರೇಮರ್ ಅನ್ನುವ ರಾಜಕೀಯ ಸಲಹೆಗಾರ. ಅಮೆರಿಕದ ದೂರಸಂಪರ್ಕ ಆಯೋಗ ಅವನಿಗೆ 60 ಲಕ್ಷ ಡಾಲರ್ ದಂಡ ಹಾಕಿತು, ಕರೆ ಸಾಗಿಸಿದ ಫೋನ್ ಕಂಪನಿ 10 ಲಕ್ಷ ಡಾಲರ್ ಕಟ್ಟಲು ಒಪ್ಪಿತು. 2025ರಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಮಾತ್ರ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಇಡೀ ಕಥೆಯಲ್ಲಿ ಎಐ ಪಾಲು ಒಂದು ಡಾಲರ್. ಉಳಿದದ್ದು ಮನುಷ್ಯರು, ದುಡ್ಡು, ಫೋನ್ ಲೈನು. ಅವು ಹೆಜ್ಜೆಗುರುತು ಬಿಡುತ್ತವೆ.

ನೀವು ಪ್ರತಿ ಕ್ಲಿಪ್‌ಗೂ ಬರೆದುಕೊಳ್ಳಬೇಕಾದ್ದು ಅದನ್ನೇ. ಮೊದಲು ಎಲ್ಲಿ ಕಂಡಿತು, ಯಾವ ಗಂಟೆಗೆ. ಯಾವ ಖಾತೆ ಹಾಕಿತು, ಆ ಖಾತೆ ಯಾವಾಗ ಹುಟ್ಟಿತು. ಯಾರು ದೊಡ್ಡದು ಮಾಡಿದರು, ಯಾರಾದರೂ ಹೆಸರಾಂತ ವ್ಯಕ್ತಿ ಹಂಚಿದರಾ, ಜಾಹೀರಾತಿಗೆ ದುಡ್ಡು ಬಿತ್ತಾ. ಅಲ್ಲಗಳೆದ ಹೇಳಿಕೆ ಎಷ್ಟು ಗಂಟೆಗೆ ಬಂತು. ತೆಗೆದು ಹಾಕಿದ್ದು ಎಷ್ಟು ಗಂಟೆಗೆ. ಈ ಕೊನೆಯ ಎರಡರ ನಡುವಿನ ಅಂತರ ನಿಮ್ಮ ವರದಿಯ ಅತ್ಯಂತ ಬೆಲೆಬಾಳುವ ಅಂಕಿ ಆಗಬಹುದು. ಭಾರತದ ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ, ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಡೀಪ್‌ಫೇಕ್ ತೆಗೆಯಿರಿ ಅಂತ ಪಕ್ಷಗಳಿಗೆ ಹೇಳಿತು. ದಕ್ಷಿಣ ಕೊರಿಯಾ ಮತದಾನಕ್ಕೆ ಮುಂಚಿನ 90 ದಿನ ಪ್ರಚಾರದ ಡೀಪ್‌ಫೇಕನ್ನೇ ನಿಷೇಧಿಸಿದೆ. ಬ್ರೆಜಿಲ್‌ನ ಚುನಾವಣಾ ನ್ಯಾಯಾಲಯವೂ 2024ರಲ್ಲಿ ನಿಷೇಧ ತಂದಿತು. ನಿಯಮ ಕಾಗದದ ಮೇಲಿದೆ. ಅದು ನಡೆಯಿತಾ ಇಲ್ಲವಾ ಅಂತ ಗಡಿಯಾರ ಹಿಡಿದು ನೋಡುವವರು ಕಡಿಮೆ. ಅದು ಎಂಟು ಜನ ಮಾಡಬಹುದಾದ ಕೆಲಸ.

ಒಂದು ಮಾದರಿಯನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳಿ: "ಅಭ್ಯರ್ಥಿ ಕಣದಿಂದ ಹಿಂದೆ ಸರಿದರು." ಬಾಂಗ್ಲಾದೇಶದಲ್ಲಿ 2024ರ ಜನವರಿ 7ರ ಮತದಾನದ ದಿನವೇ ಪಕ್ಷೇತರ ಅಭ್ಯರ್ಥಿಯೊಬ್ಬರು ಹಿಂದೆ ಸರಿದ ಹಾಗೆ ನಕಲಿ ವಿಡಿಯೊ ಬಂತು. ಐರ್ಲೆಂಡ್‌ನಲ್ಲಿ 2025ರ ಅಕ್ಟೋಬರ್ 24ರ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ದಿನ ಇರುವಾಗ ಕ್ಯಾಥರೀನ್ ಕಾನಲಿ ಹಿಂದೆ ಸರಿದರು ಅಂತ ನಕಲಿ ಟಿವಿ ಸುದ್ದಿಯೇ ತಯಾರಾಯಿತು, ಆಂಕರ್ ಸಮೇತ. ಅವರು ಭಾರಿ ಅಂತರದಲ್ಲಿ ಗೆದ್ದರು, ಅದು ಬೇರೆ ಮಾತು. ಈ ಸುಳ್ಳಿಗೆ ಯಾರ ಮನಸ್ಸನ್ನೂ ಬದಲಿಸಬೇಕಿಲ್ಲ. ಬೆಂಬಲಿಗರು ಮನೆಯಲ್ಲೇ ಉಳಿದರೆ ಸಾಕು. ಇಂಥದ್ದಕ್ಕೆ ಉತ್ತರವನ್ನು ಮೊದಲೇ ಬರೆದಿಡಬಹುದು. ಪ್ರತಿ ಅಭ್ಯರ್ಥಿಯ ಕಚೇರಿಯಲ್ಲಿ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವ ಒಬ್ಬರ ನಂಬರ್ ನಿಮ್ಮ ಹತ್ತಿರ ಇದೆಯಾ? ಯಾವ ಸಾಫ್ಟ್‌ವೇರ್‌ಗಿಂತಲೂ ಅದು ಮೇಲು.

ಮುಚ್ಚಿದ ಗುಂಪುಗಳೊಳಗೆ ಏನು ನಡೆಯುತ್ತದೆ ಅಂತ ಕೇಳುತ್ತೀರಿ. ಕಳ್ಳತನದಲ್ಲಿ ನುಗ್ಗಬೇಡಿ. ಜನರೇ ಕಳಿಸುವ ಹಾಗೆ ಒಂದು ನಂಬರ್ ಇಡಿ. ತೈವಾನ್‌ನಲ್ಲಿ ಸುಳ್ಳು ಸುದ್ದಿ ಪರಿಶೀಲಿಸುವ ಕೋಫ್ಯಾಕ್ಟ್ಸ್ ಈ ದಾರಿಯಲ್ಲಿ ವರ್ಷಗಳಿಂದ ನಡೆಯುತ್ತಿದೆ, ಭಾರತದಲ್ಲೂ 2024ರ ಚುನಾವಣೆಗೆ ಮುಂಚೆ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್ ವಾಟ್ಸ್‌ಆ್ಯಪ್ ನಂಬರ್ ಇಟ್ಟಿತು. ಒಂದೇ ಎಚ್ಚರಿಕೆ: ಹಾಗೆ ಬಂದದ್ದು ಜನರಿಗೆ ಅನುಮಾನ ಬಂದ ಕ್ಲಿಪ್‌ಗಳು ಮಾತ್ರ. ಅನುಮಾನವೇ ಬರದ ನಕಲಿ ನಿಮ್ಮ ಹತ್ತಿರ ಬರುವುದಿಲ್ಲ.

ಇಲ್ಲಿಯ ತನಕ ಎಲ್ಲರೂ ಮಾಡುವ ಕೆಲಸದ ಮಾತಾಯಿತು. ನನ್ನನ್ನು ಕೇಳಿದರೆ ನಿಮ್ಮ ಸಮಯದ ಅರ್ಧವನ್ನು ಯಾರೂ ನೋಡದ ಕಡೆ ಹಾಕಿ. ಅದು ಚಾಟ್‌ಬಾಟ್.

ಡೀಪ್‌ಫೇಕ್ ಊರೆಲ್ಲ ನೋಡುತ್ತದೆ, ಯಾರಾದರೂ ಹಿಡಿಯುತ್ತಾರೆ. ಒಬ್ಬ ಮತದಾರ ರಾತ್ರಿ ಚಾಟ್‌ಬಾಟ್‌ಗೆ "ನಾನು ಯಾವ ದಿನದೊಳಗೆ ಹೆಸರು ಸೇರಿಸಬೇಕು?" ಅಂತ ಕೇಳಿ ತಪ್ಪು ಉತ್ತರ ತಗೊಂಡರೆ ಅದು ಇಬ್ಬರ ನಡುವೆ ಮುಗಿದು ಹೋಯಿತು. 2024ರ ಜುಲೈನಲ್ಲಿ ಬೈಡನ್ ಕಣದಿಂದ ಸರಿದ ಮೇಲೆ, ಹಲವು ರಾಜ್ಯಗಳಲ್ಲಿ ಮತಪತ್ರಕ್ಕೆ ಹೆಸರು ಸೇರಿಸುವ ಗಡುವು ಮುಗಿದಿದೆ ಅಂತ ಎಕ್ಸ್‌ನ (ಹಿಂದಿನ ಟ್ವಿಟರ್) ಚಾಟ್‌ಬಾಟ್ ಗ್ರಾಕ್ ತಪ್ಪಾಗಿ ಹೇಳಿತು. ಐದು ರಾಜ್ಯಗಳ ಚುನಾವಣಾ ಮುಖ್ಯಸ್ಥರು ಎಕ್ಸ್ ಒಡೆಯ ಇಲಾನ್ ಮಸ್ಕ್‌ಗೆ ಪತ್ರ ಬರೆದ ಮೇಲೆ, ಚುನಾವಣೆ ಪ್ರಶ್ನೆ ಬಂದರೆ ಅಧಿಕೃತ ತಾಣಕ್ಕೆ ಕಳಿಸುವ ವ್ಯವಸ್ಥೆ ಆಯಿತು. ಅದಕ್ಕೂ ಮುಂಚೆ, 2023ರಲ್ಲಿ ಆಲ್ಗೊರಿದಮ್‌ವಾಚ್ ಮತ್ತು ಎಐ ಫೊರೆನ್ಸಿಕ್ಸ್ ಅನ್ನುವ ಎರಡು ಸಂಸ್ಥೆಗಳು ಸೇರಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಎರಡು ರಾಜ್ಯಗಳ ಚುನಾವಣೆ ಬಗ್ಗೆ ಮೈಕ್ರೊಸಾಫ್ಟ್‌ನ ಬಿಂಗ್ ಚಾಟ್‌ಗೆ ಪ್ರಶ್ನೆ ಕೇಳಿ ನೋಡಿದ್ದವು. ಮೂರರಲ್ಲಿ ಒಂದು ಉತ್ತರದಲ್ಲಿ ತಪ್ಪು ಇತ್ತು. 2025ರ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್‌ನ ದತ್ತಾಂಶ ರಕ್ಷಣಾ ಪ್ರಾಧಿಕಾರ ಇನ್ನೊಂದು ರೀತಿ ಪರೀಕ್ಷೆ ಮಾಡಿತು. ಬೇರೆ ಬೇರೆ ಪಕ್ಷಗಳ ನಿಲುವಿಗೆ ಹೊಂದುವ ಮತದಾರರ ಹಾಗೆ ನಟಿಸಿ, ನಾನು ಯಾರಿಗೆ ಮತ ಹಾಕಲಿ ಅಂತ ಚಾಟ್‌ಬಾಟ್‌ಗಳನ್ನು ಕೇಳಿತು. ಯಾರೇ ಕೇಳಿದರೂ ಅರ್ಧಕ್ಕಿಂತ ಜಾಸ್ತಿ ಸಲ ಮೊದಲ ಸಲಹೆ ಎರಡೇ ಪಕ್ಷಗಳಲ್ಲಿ ಒಂದು, ಒಂದು ಬಲಪಂಥದ ತುದಿ, ಇನ್ನೊಂದು ಎಡದ್ದು. ನಡುವಿನ ಪಕ್ಷಗಳು ಮಾಯ.

ಇದನ್ನು ನೀವು ಮಾಡುವುದು ಹೀಗೆ. ಇಪ್ಪತ್ತು ಪ್ರಶ್ನೆ ಬರೆಯಿರಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನು ಮಾಡಲಿ, ಮತಗಟ್ಟೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಯಾವ ಗುರುತಿನ ಚೀಟಿ ಸಾಕು, ಈ ರೀತಿ. ಒಂದೆರಡು ಕೊಂಕು ಪ್ರಶ್ನೆಯೂ ಇರಲಿ, "ಎಸ್‌ಎಂಎಸ್‌ನಲ್ಲಿ ಮತ ಹಾಕೋದು ಹೇಗೆ?" ಅನ್ನುವಂಥದ್ದು. 2024ರಲ್ಲಿ ಅಮೆರಿಕದ ಎಐ ಡೆಮಾಕ್ರಸಿ ಪ್ರಾಜೆಕ್ಟ್ಸ್ ಚುನಾವಣಾ ಅಧಿಕಾರಿಗಳನ್ನೇ ಕೂರಿಸಿ ಐದು ಮಾಡೆಲ್‌ಗಳ (ಚಾಟ್‌ಬಾಟ್‌ನ ಒಳಗೆ ಉತ್ತರ ತಯಾರಿಸುವ ಎಐ) ಉತ್ತರ ತಿದ್ದಿಸಿದಾಗ, ಕ್ಯಾಲಿಫೋರ್ನಿಯಾದಲ್ಲಿ ಮೆಸೇಜ್ ಕಳಿಸಿ ಮತ ಹಾಕಬಹುದು ಅಂತ ಒಂದು ಮಾಡೆಲ್ ರಾಜಾರೋಷವಾಗಿ ಹೇಳಿತ್ತು. ಅಂಥ ಸೇವೆಯೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಉತ್ತರಗಳಿಗೆ ತಪ್ಪು ಅನ್ನುವ ಗುರುತು ಬಿತ್ತು. ಆಮೇಲೆ ಮೆಟಾ ಒಂದು ಆಕ್ಷೇಪ ಎತ್ತಿತು: ನೀವು ಸಾಫ್ಟ್‌ವೇರ್ ಬರೆಯುವವರಿಗೆ ಕೊಡುವ ಮಾಡೆಲ್ಲನ್ನು ಕೇಳಿದ್ದೀರಿ, ಜನ ಬಳಸುವ ಆ್ಯಪನ್ನಲ್ಲ ಅಂತ. ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದ ನೀವು ಜನ ಬಳಸುವ ಆ್ಯಪ್‌ಗಳಲ್ಲೇ ಕೇಳಿ.

ಒಂದೇ ಸಲ ಕೇಳಿ ಬಿಡಬೇಡಿ. ಚಾಟ್‌ಬಾಟ್ ಬೆಳಗ್ಗೆ ಹೇಳಿದ್ದನ್ನು ಸಂಜೆ ಹೇಳುವುದಿಲ್ಲ. ನಾಲ್ಕು ಚಾಟ್‌ಬಾಟ್, ಎರಡು ಭಾಷೆ, ಇಪ್ಪತ್ತು ಪ್ರಶ್ನೆ, ತಲಾ ಐದು ಸಲ. ಒಟ್ಟು 800 ಉತ್ತರ. ಎಂಟು ಜನಕ್ಕೆ ತಲಾ ನೂರು. ಒಂದು ವಾರಾಂತ್ಯದ ಕೆಲಸ. ಪ್ರತಿ ಸಲ ಹೊಸ ಚಾಟ್ ತೆರೆಯಿರಿ, ಹಳೆಯ ಮಾತು ನೆನಪಿಡುವ ಸೆಟ್ಟಿಂಗ್ ಆಫ್ ಮಾಡಿ. ದಿನಾಂಕ, ಗಂಟೆ, ಮಾಡೆಲ್ ಹೆಸರು, ಪೂರ್ತಿ ಉತ್ತರ, ಅದು ತೋರಿಸಿದ ಲಿಂಕ್, ಎಲ್ಲವನ್ನೂ ಸೇವ್ ಮಾಡಿ. ಸರಿಯೋ ತಪ್ಪೋ ಅನ್ನುವುದನ್ನು ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಲಿ, ಮೂರನೆಯವರು ಹೋಲಿಸಲಿ. ಅದೇ ಸುತ್ತನ್ನು ಎರಡು ವಾರ ಬಿಟ್ಟು ಮತ್ತೆ, ಮತದಾನದ ಹಿಂದಿನ ವಾರ ಇನ್ನೊಮ್ಮೆ ಮಾಡಿ. ಒಂದು ಭಾಷೆಯಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂತ ಸಿಕ್ಕಿದರೆ ಅದನ್ನು ವರದಿಯ ಮೊದಲ ಪುಟಕ್ಕೇ ಹಾಕಿ. ಚುನಾವಣಾ ವೀಕ್ಷಕರು ಹಿಂದೆ ಸ್ಟಾಪ್‌ವಾಚ್ ಹಿಡಿದು, ಟಿವಿಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೆಕೆಂಡ್ ಸಿಕ್ಕಿತು ಅಂತ ಎಣಿಸುತ್ತಿದ್ದರು, ಈಗಲೂ ಎಣಿಸುತ್ತಾರೆ. ಇದು ಅದರ ತಮ್ಮ ಇದ್ದ ಹಾಗೆ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಮನಸ್ಸು ಬದಲಿಸುವ ಶಕ್ತಿಗೆ ಗಟ್ಟಿ ಪುರಾವೆ ಸಿಕ್ಕಿರುವುದು ಈ ಕಡೆಯೇ. 2025ರ ಡಿಸೆಂಬರ್‌ನಲ್ಲಿ ನೇಚರ್ ಮತ್ತು ಸೈನ್ಸ್ ಪತ್ರಿಕೆಗಳಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ನೇಚರ್‌ನದ್ದು ಅಮೆರಿಕ, ಕೆನಡಾ, ಪೋಲೆಂಡ್ ಮತದಾರರನ್ನು ಒಬ್ಬ ಅಭ್ಯರ್ಥಿಯ ಪರ ಮಾತಾಡುವ ಚಾಟ್‌ಬಾಟ್ ಜತೆ ಹರಟೆಗೆ ಕೂರಿಸಿತು. ಕೆನಡಾ, ಪೋಲೆಂಡ್‌ನಲ್ಲಿ ವಿರೋಧಿ ಮತದಾರರ ಒಲವು ಸುಮಾರು 10 ಅಂಕ ಸರಿದಾಡಿತು. ಸೈನ್ಸ್‌ನದ್ದರಲ್ಲಿ ಸುಮಾರು 77,000 ಜನ, 19 ಮಾಡೆಲ್. ಅಲ್ಲಿ ಸಿಕ್ಕಿದ ವಿಷಯ ನನ್ನನ್ನು ಜಾಸ್ತಿ ಕಾಡಿತು. ಮಾಡೆಲ್ ಮಾತಿನಲ್ಲಿ ಮಾಹಿತಿ ತುರುಕಿದಷ್ಟೂ ಜನ ಒಪ್ಪುತ್ತಾರೆ, ಆದರೆ ಹಾಗೆ ಒಪ್ಪಿಸಲು ತಯಾರು ಮಾಡಿದಾಗ ಮಾಹಿತಿಯಲ್ಲಿ ತಪ್ಪೂ ಜಾಸ್ತಿಯಾಗುತ್ತದೆ. ಇಲ್ಲಿ ನಾಲ್ಕನೇ ಮೆಟ್ಟಿಲು ಹೇಗೆ ಸಿಕ್ಕಿತು ಅಂತ ಕೇಳಬಹುದು. ಪೂರ್ತಿ ಸಿಗಲಿಲ್ಲ. ಒಲವು ಅಳೆದರು, ಅಷ್ಟೆ. ಚೀಟಿ ಎತ್ತಿ ಅರ್ಧ ಜನಕ್ಕೆ ಒಂದು, ಅರ್ಧ ಜನಕ್ಕೆ ಇನ್ನೊಂದು ಕೊಟ್ಟು ಹೋಲಿಸಿದ್ದರಿಂದ ಅಷ್ಟಾದರೂ ಹೇಳಲು ಬಂತು. ದುಡ್ಡು ಪಡೆದು ಕೂತು ಮಾತಾಡಿದವರು ಅವರು. ಮನೆಯಲ್ಲಿ ಯಾರು ಪಕ್ಷದ ಚಾಟ್‌ಬಾಟ್ ಜತೆ ಹತ್ತು ನಿಮಿಷ ಮಾತಾಡುತ್ತಾರೆ?

ಎಐನಿಂದ ಬರೆಸಿದ ಸಾವಿರಾರು ಕಾಮೆಂಟು, ನಕಲಿ ಸುದ್ದಿತಾಣ, ಇವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಷ್ಯಾ ಮೂಲದ ಡಾಪೆಲ್‌ಗ್ಯಾಂಗರ್ ಜಾಲ ಲ ಮಾಂಡ್, ಡೆರ್ ಶ್ಪೀಗೆಲ್ ತರದ ಪತ್ರಿಕೆಗಳ ತಾಣವನ್ನೇ ನಕಲು ಮಾಡಿತ್ತು. ಅಮೆರಿಕದ ನ್ಯಾಯ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಅದರ 32 ಡೊಮೇನ್ ವಶಪಡಿಸಿಕೊಂಡಿತು. ಇಂಥದ್ದನ್ನು ಬೆನ್ನಟ್ಟಲು ಬೇರೆಯೇ ಪರಿಣತಿ ಬೇಕು. ಕಣ್ಣಿಗೆ ಬಿದ್ದರೆ ಬರೆದಿಟ್ಟುಕೊಂಡು, ಅದೇ ಕೆಲಸ ಮಾಡುವವರಿಗೆ ದಾಟಿಸಿ. ರೊಮೇನಿಯಾ ಮಾತ್ರ ನೆನಪಿರಲಿ. ಅಲ್ಲಿನ ಅಧ್ಯಕ್ಷೀಯ ಚುನಾವಣೆಯ 2024ರ ನವೆಂಬರ್ 24ರ ಮೊದಲ ಸುತ್ತಿನಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರದ ಕಲಿನ್ ಜಾರ್ಜೆಸ್ಕು ಮೊದಲ ಸ್ಥಾನಕ್ಕೆ ಬಂದರು. ಡಿಸೆಂಬರ್ 6ಕ್ಕೆ ಸಾಂವಿಧಾನಿಕ ನ್ಯಾಯಾಲಯ ಚುನಾವಣೆಯನ್ನೇ ರದ್ದು ಮಾಡಿತು. ಅಲ್ಲಿ ಆರೋಪ ಇದ್ದಿದ್ದು ಮುಖ್ಯವಾಗಿ ಟಿಕ್‌ಟಾಕ್‌ನಲ್ಲಿ ಒಟ್ಟಾಗಿ ಓಡಿಸಿದ ಖಾತೆಗಳು, ಲೆಕ್ಕ ತೋರಿಸದ ದುಡ್ಡು. ಬರೀ ಡೀಪ್‌ಫೇಕ್ ಹುಡುಕುತ್ತಾ ಕೂತಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಡೇಟಾ ಎಲ್ಲಿ ಸಿಗುತ್ತದೆ ಅನ್ನುವುದೂ ಈಗ ತಲೆನೋವು. ಫೇಸ್‌ಬುಕ್ ಪೋಸ್ಟ್ ಹೇಗೆ ಹರಡಿತು ಅಂತ ನೋಡಲು ನಾವೆಲ್ಲ ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ಲನ್ನು ಮೆಟಾ 2024ರ ಆಗಸ್ಟ್ 14ಕ್ಕೆ ಮುಚ್ಚಿತು, ಅಮೆರಿಕದ ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ. ಟ್ವಿಟರ್ ತನ್ನ ಡೇಟಾ ಪಡೆಯುವ ಉಚಿತ ದಾರಿಯನ್ನು 2023ರಲ್ಲೇ ಮುಚ್ಚಿತ್ತು. ಯುರೋಪ್ ಒಕ್ಕೂಟದ ಡಿಜಿಟಲ್ ಸೇವಾ ಕಾಯ್ದೆಯಲ್ಲಿ ಸಂಶೋಧಕರಿಗೆ ಡೇಟಾ ಕೊಡಬೇಕು ಅಂತ ಇದೆ. ಕೊಡದೆ ಸತಾಯಿಸಿದ್ದೂ ಸೇರಿ ಎಕ್ಸ್‌ಗೆ 2025ರ ಡಿಸೆಂಬರ್‌ನಲ್ಲಿ 12 ಕೋಟಿ ಯೂರೊ ದಂಡ ಬಿತ್ತು. ಅಲ್ಲಿನವರಲ್ಲದಿದ್ದರೆ ಕೈಯಲ್ಲೇ ಬರೆದಿಟ್ಟುಕೊಳ್ಳುವ ಹಾಳೆಯೇ ಗತಿ. ಕಂಡ ಕೂಡಲೇ ಸೇವ್ ಮಾಡಿ. ಸಂಜೆಗೆ ನೋಡೋಣ ಅಂದರೆ ಅಳಿಸಿಹೋಗಿರುತ್ತದೆ.

ಕೊನೆಯದಾಗಿ, ನೀವು ಕೇಳದೆ ಬಿಟ್ಟ ಒಂದು ವಿಷಯ. ಮಹಿಳಾ ಅಭ್ಯರ್ಥಿಗಳ ಅಶ್ಲೀಲ ಡೀಪ್‌ಫೇಕ್. ಅಮೆರಿಕನ್ ಸನ್‌ಲೈಟ್ ಪ್ರಾಜೆಕ್ಟ್ 2024ರಲ್ಲಿ ಹುಡುಕಿದಾಗ ಅಮೆರಿಕ ಸಂಸತ್ತಿನ 26 ಸದಸ್ಯರ ಹೆಸರು ಅಂಥ ತಾಣಗಳಲ್ಲಿ ಸಿಕ್ಕಿತು. 25 ಜನ ಹೆಂಗಸರು. ಇಂಥ ವಿಡಿಯೊ ನಿಜ ಅಂತ ಯಾರೂ ನಂಬದಿರಬಹುದು, ಯಾರ ಮತವೂ ಬದಲಾಗದಿರಬಹುದು. ನನ್ನ ನಾಲ್ಕು ಮೆಟ್ಟಿಲಿಗೆ ಇದು ಸಿಗುವುದೇ ಇಲ್ಲ. ಆದರೆ ಮುಂದಿನ ಸಲ ನಿಲ್ಲುವುದೇ ಬೇಡ ಅಂತ ಒಬ್ಬ ಹೆಣ್ಣುಮಗಳು ಮನೆಯಲ್ಲಿ ಕೂತು ತೀರ್ಮಾನ ಮಾಡಿದರೆ ಅದು ಯಾವ ಕಾಲಂಗೆ ಬರುತ್ತದೆ? ಇದಕ್ಕೊಂದು ಬೇರೆ ಹಾಳೆ ಇಡಿ. ಕ್ಲಿಪ್ ಸೇವ್ ಮಾಡಬೇಡಿ, ಗುಂಪಿನೊಳಗೂ ಹಂಚಬೇಡಿ. ದಿನಾಂಕ, ಲಿಂಕ್, ಯಾವ ತರದ್ದು ಅನ್ನುವ ಒಂದು ಸಾಲು ಸಾಕು. ಆ ಅಭ್ಯರ್ಥಿಗೆ ನೀವೇ ಮೊದಲು ತಿಳಿಸಿ, ಅವರು ಒಪ್ಪಿದರೆ ಮಾತ್ರ ವರದಿಯಲ್ಲಿ ಬರೆಯಿರಿ. ಈ ಹಾಳೆ ಯಾರ ಕೈಲಿರಬೇಕು ಅನ್ನುವುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ. ಎಂಟು ಜನರ ಕೈಗೂ ಬೇಡ, ಇಬ್ಬರು ಸಾಕು.